ಬಳೆಗಾರ ಓಣಿಗೆ ಒಂದು ಸಾಲು

ಅಚ್ಚಾದ ಯಾವ ಆತ್ಮಕಥೆಯಲ್ಲೂ ಬಾರದ ಓಣಿಗಳೂ ಮನುಷ್ಯರೂ ಮೆಲ್ಲಗೆ ಮಾಸಿಹೋಗುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ತನ್ನ ಬಗ್ಗೆ ತಾನೇ ಬರೆದುಕೊಂಡರೆ ಲೆಕ್ಕಕ್ಕಿಲ್ಲ, ಇನ್ನೊಬ್ಬರು ಬರೆಯಬೇಕು. ಬಳೆಗಾರ ಓಣಿಯ ಗೋಡೆಗಳ ಮೂಲಕ ಆಗಲೇ ಆಚೆಯ ಹೊಲ ಕಾಣುತ್ತಿತ್ತು. ನೀಲವ್ವ ನಿವೃತ್ತ ಪುರಸಭೆ ಅಧಿಕಾರಿ ಹಂಪಣ್ಣನವರ ಮನೆಗೆ ಓಡಿಬಂದಳು. ಅವರ ಆತ್ಮಕಥೆ ಅಂದು ಸಂಜೆ ಅಚ್ಚಿಗೆ ಹೋಗುವುದಿತ್ತು.

“ನಮ್ಮ ಓಣಿದು ಒಂದ ಸಾಲು ಬರೀರಿ ಸಾಹೇಬ್ರ. ಅಲ್ಲಿ ನನ್ನ ಕೂಸು ತೊಟ್ಟಲದಾಗ ಮಲಗೇತಿ.”

“ಆ ಓಣಿಗೆ ನಾ ಹೋಗೇ ಇಲ್ಲವಾ.”

“ನಳ ಬಂದ್ ಮಾಡಾಕ ಬಂದಿದ್ರಲ್ಲ? ನಮ್ಮತ್ತಿ ನಿಮ್ಮ ತಲಿ ಮ್ಯಾಲೆ ಮುಸುರಿ ಸುರುವಿದ್ಲು.”

ಹಂಪಣ್ಣ ಪೆನ್ನು ಮುಚ್ಚಿದರು. “ಮುನ್ನೂರು ಪುಟದಾಗ ಅಂಥಾದ್ದಕ್ಕ ಜಾಗಾ ಇಲ್ಲ.”

ನೀಲವ್ವನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಚಪ್ಪಲಿಯಲ್ಲಿ ಬೆರಳುಗಳಿರಲಿಲ್ಲ. ಅವರು ಧೋತರ ಜಗ್ಗಿ ಮುಚ್ಚಿಕೊಂಡರು.

“ನಿಮ್ಮ ಬಗ್ಗೇನೂ ಯಾರೂ ಬರೆದಿಲ್ಲೇನ್ರಿ?”

ಹಂಪಣ್ಣ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

“ನಮ್ಮತ್ತಿ ತನ್ನ ಕಥಿ ಹೇಳಿ ಬರೆಸಾಕತ್ತಾಳ. ಅದರಾಗ ನೀವು ಅದೀರಿ. ಅಚ್ಚಾಗಾಕ ಇನ್ನೂ ವರ್ಷ ಬೇಕು. ಅಷ್ಟರಾಗ ಓಣಿ ಹೋದ್ರ ಅತ್ತಿನೂ ಇಲ್ಲ, ಪುಸ್ತಕಾನೂ ಇಲ್ಲ.”

ಹಂಪಣ್ಣ ಪೆನ್ನು ತೆರೆದರು. “ಪನ್ನೀರು ಅಂತ ಬರೀಲೇನು?”

“ಮುಸುರಿ ಅಂತನ ಬರೀರಿ. ಎರಡು ಪುಸ್ತಕ ಬ್ಯಾರೆ ಬ್ಯಾರೆ ಹೇಳಿದ್ರ ಎರಡನ್ನೂ ಯಾರೂ ನಂಬೂದಿಲ್ಲ.”

ಅವರು ಹಲ್ಲು ಕಚ್ಚಿ ಬರೆಯತೊಡಗಿದರು. ನಡುವೆ ತಲೆಯೆತ್ತಿ ಕೇಳಿದರು: “ಅನ್ನದ ಅಗಳೂ ಇದ್ದವೇನು?”

“ಇದ್ವುರಿ. ನಿಮ್ಮ ಮೀಸಿ ಮ್ಯಾಲೆ ಕುಂತಿದ್ವು.”

ಹಂಪಣ್ಣ ಅದನ್ನೂ ಬರೆದು ಪೂರ್ಣವಿರಾಮ ಹಾಕಿದರು. “ಓಡವಾ, ಕೂಸು ಎದ್ದಿರತೈತಿ.”