ಮಾಳಿಂಗಪ್ಪನ ಹೆಸರಿನಲ್ಲಿ

ಹಿಂದಿನ ಬಾಗಿಲು ಮುಚ್ಚಿಸಲು ಗದ್ದೆಪ್ಪಗೌಡರು ಕಣ್ಸನ್ನೆ ಮಾಡುವಷ್ಟರಲ್ಲಿ ಆ ಮನುಷ್ಯ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತುಬಿಟ್ಟಿದ್ದ. ತಲೆಯ ಮೇಲೆ ಟವೆಲ್, ಮುಖದ ತುಂಬ ಗಡ್ಡ. ಆದರೂ ಗೌಡರಿಗೆ ಗುರುತು ಹತ್ತಿತು. ವೇದಿಕೆಯ ಕುರ್ಚಿಯಲ್ಲಿ ಅವರು ಬೆವರಿದರು.

ವಿದ್ಯಾರ್ಥಿ ನಿಧಿಯ ಕಾರ್ಯದರ್ಶಿ ರಾಜೇಸಾಬ್ ಗೌಡರ ಹಳೆಯ ನಂಬಿಗಸ್ತ. ಅವನು ಬಗ್ಗಿ ಪಿಸುಗುಟ್ಟಿದ.

"ಅವನ ಬಂದಾನ್ರಿ ಗೌಡ್ರ. ಹೊರಗ ಹಾಕಿಸ್ಲೇನ್ರಿ?"

"ಬ್ಯಾಡ. ಇಷ್ಟು ಮಂದ್ಯಾಗ ಬಾಯಿ ಬಿಟ್ರ? ಅವತ್ತು ಕಾಲುವಿ ದಂಡಿ ಮ್ಯಾಲ ಏನಾತು ಅನ್ನೋದು ನಮ್ಮಿಬ್ಬರನ್ನ ಬಿಟ್ರ ಅವನಿಗೇ ಗೊತ್ತೈತಿ."

ಸಿಂಧನೂರಿನ ಶಾಲೆಯ ಆ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಮೇಲೆ ಬಟ್ಟೆಯ ಬ್ಯಾನರ್: ಮಾಳಿಂಗಪ್ಪ ಸ್ಮಾರಕ ವಿದ್ಯಾರ್ಥಿ ನಿಧಿ.

ಮಾಳಿಂಗಪ್ಪ ಗೌಡರ ಒಬ್ಬನೇ ಮಗ. ಮುಕ್ಕುಂದದ ಹೊಲಗಳಿಗೆ ಕಾಲುವೆಯ ನೀರು ಬಂದ ಹೊಸತರಲ್ಲಿ ಅವನು ಅದರಲ್ಲೇ ಮುಳುಗಿದನೆಂಬ ಸುದ್ದಿ ಹಬ್ಬಿತು. ದಂಡೆಯ ಮೇಲೆ ಅಂಗಿ, ಚಪ್ಪಲಿ ಇದ್ದವು, ಹೆಣ ಸಿಗಲಿಲ್ಲ. ಊರವರು ಕಣ್ಣೀರಿಟ್ಟು, ಅವನ ಹೆಸರಿನಲ್ಲಿ ಏನಾದರೂ ಒಳ್ಳೆಯದು ಮಾಡೋಣ ಎಂದರು. ಬೇಡವೆನ್ನಲು ಗೌಡರಿಗೆ ದಾರಿಯಿರಲಿಲ್ಲ.

ನಿಧಿ ಬೆಳೆಯಿತು. ಕುರಿ ಕಾಯುವವರ ಮಗ ಡಾಕ್ಟರಾದ. ಮಸ್ಕಿಯ ಹಮಾಲನೊಬ್ಬನ ಮಗಳು ಶಾಲೆಯಲ್ಲಿ ಪಾಠ ಹೇಳತೊಡಗಿದಳು. ಓದಿ ಹೋದವರೆಲ್ಲ ಪ್ರತಿ ವರ್ಷ ನಿಧಿಯ ಹಣ ಹಂಚುವ ಈ ದಿನ ಬಂದು, ತಾವೇ ಬೆಂಚು ಹೊತ್ತು, ತಾವೇ ಅಡಿಗೆ ಮಾಡಿ ಬಡಿಸುತ್ತಿದ್ದರು. ಗೌಡರ ಕಾಲಿಗೆ ಬಿದ್ದು 'ದೇವರಂಥವರು' ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಗೌಡರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಇನ್ನು ನಿಜ ಹೇಳುವುದಾದರೂ ಯಾವ ಬಾಯಿಂದ?

ಹೆಂಡತಿ ಹೊನ್ನೂರಮ್ಮ ಮಾತ್ರ ಮಗನ ತಿಥಿ ಮಾಡಗೊಡಲಿಲ್ಲ. "ಹೆಣ ನೋಡದ ನಾ ಅಳೂದಿಲ್ಲ" ಎಂದಿದ್ದರು. ಮಕ್ಕಳನ್ನು ಆರಿಸುವುದು ಅವರದೇ ಕೆಲಸ. ಈ ಸಲ ಲಿಂಗಸುಗೂರಿಗೆ ಹೋಗಿ, ಕೂಲಿಕಾರರ ಗುಡಿಸಲಿನ ಕನಕಮ್ಮ ಎಂಬ ಹುಡುಗಿಯನ್ನು ಆರಿಸಿದ್ದರು. ಅಲ್ಲಿಂದ ಬಂದಮೇಲೆ ಗಂಡನೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಗೌಡರು ಮತ್ತೆ ಕೊನೆಯ ಸಾಲಿನ ಕಡೆ ನೋಡಿದರು. ಅವತ್ತು ಅವನಿಗೆ ತಾವೇ ಹೇಳಿದ ಮಾತು ನೆನಪಾಯಿತು: "ಈ ಕಡೆ ತಿರುಗಿ ಬಂದ್ರ ನಿನ್ನ ಮಾವನ ಗುಡಿಸಲು ಉರೀತೈತಿ ನೋಡು." ಅವನ ಮಾವ ಕಾಲುವೆಗೆ ಮಣ್ಣು ಹೊರುತ್ತಿದ್ದವನು. ಅಳಿಯ ಎದುರಾಡದೆ ಹೆಂಡತಿಯನ್ನು ಕರೆದುಕೊಂಡು ಹೊರಟುಹೋಗಿದ್ದ. ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಬಂದ?

ಹೆಸರು ಕೂಗಿದರು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ಕನಕಮ್ಮ ವೇದಿಕೆ ಹತ್ತಿದಳು. ಗೌಡರು ಲಕೋಟೆ ಹಿಡಿದು ಎದ್ದರು. ಬೇಗ ಕೊಟ್ಟು, ಪಕ್ಕದ ಮೆಟ್ಟಿಲಿಳಿದು, ಜೀಪು ಹತ್ತಿಬಿಡಬೇಕು. ಆದರೆ ಮೆಟ್ಟಿಲಿಗೆ ಅಡ್ಡವಾಗಿ ಹೊನ್ನೂರಮ್ಮ ನಿಂತಿದ್ದರು.

"ನೀವು ಕುಂದರ್ರಿ. ದಂಡಿ ಮ್ಯಾಲ ಅಂಗಿ, ಚಪ್ಪಲಿ ಇಟ್ಟ ನಿಮ್ಮ ಕೈಲೆ ಇದು ಬ್ಯಾಡ."

"ಏನಿದು? ಮಂದಿ ನೋಡಾಕತ್ತಾರ."

"ನೋಡ್ಲಿ." ಲಕೋಟೆ ಕಿತ್ತುಕೊಂಡು ಅವರು ಮೈಕಿನ ಮುಂದೆ ನಿಂತರು. "ನಿಮ್ಮಪ್ಪನ್ನ ಕರಕೊಂಡು ಬಾ ಅಂತ ಈ ಹುಡುಗಿಗೆ ನಾನ ಹೇಳಿದ್ದೆ. ಬಂದಾನ. ಆತನ ಕೊಡ್ಲಿ."

ಗೌಡರು ಕುರ್ಚಿಗೆ ಕುಸಿದರು. ಕೊನೆಯ ಸಾಲಿನ ಮನುಷ್ಯ ಎದ್ದು, ಟವೆಲ್ ಹೆಗಲಿಗಿಳಿಸಿ, ಜನ ಬಿಟ್ಟ ದಾರಿಯಲ್ಲಿ ನಡೆದು ಬಂದ. ಮುಂದಿನ ಸಾಲಿನಲ್ಲಿದ್ದ ಮುಕ್ಕುಂದದ ಹಳೆಯ ಮಾಸ್ತರರು ಬಾಯಿ ತೆರೆದು ಎದ್ದು ನಿಂತರು. ಅವನು ಮೆಟ್ಟಿಲ ಬುಡದಲ್ಲಿ ತಡೆದು ನಿಂತ.

"ಹತ್ತಿ ಬಾರೋ ಮಾಳಿಂಗ," ಹೊನ್ನೂರಮ್ಮ ಮೈಕಿನಲ್ಲೇ ಕರೆದರು. "ನಿನ್ನ ಹೆಸರಿನ ರೊಕ್ಕ, ನಿನ್ನ ಮಗಳಿಗೆ ನೀನ ಕೊಡಪ್ಪ."