ಹರಸಿ ಸವರಿದ ಕೊಬ್ಬು

ಚಳಿ ಮೊದಲಾಗಿ, ನಾರಿನ್ ಕಣಿವೆಗೆ ಕುರಿಮಂದೆಗಳು ಇಳಿಯುತ್ತಿದ್ದವು. ತೋಳಕ್ಕೆ ಗುರಿಯಿಟ್ಟ ಶೆರಾಲಿಯ ಗುಂಡು ಅವನ ಬೇಟೆನಾಯಿಯನ್ನೇ ಕೊಂದಿತ್ತು. "ನನ್ನ ಕಣ್ಣು ಹೋಯ್ತು ಕಣೋ. ಇನ್ನು ಬಂದೂಕು ಮುಟ್ಟಲ್ಲ," ಎಂದು ಅವನು ಮುಕಾಶ್‌ಗೆ ಹೇಳಿದ.

ಆ ಬಂದೂಕಿಗೆ ಗುರಿನೋಟದ ದುರ್ಬೀನು ಕೂರಿಸಿಕೊಟ್ಟಿದ್ದ ಮುಕಾಶ್ ಅದನ್ನು ಹಿಡಿದಿದ್ದ ರಿಂಗುಗಳ ಸ್ಕ್ರೂ ಬಿಚ್ಚಿದ. ಒಳಗೆಲ್ಲ ಕುರಿಬಾಲದ ಕೊಬ್ಬು. ಬಂದೂಕಿನ ಒದೆತಕ್ಕೆ ದುರ್ಬೀನು ಜಾರಿ ಗುರಿ ತಪ್ಪಿದ್ದು ಅದರಿಂದಲೇ.

"ಅವತ್ತು ನೀನು ದುರ್ಬೀನು ಕೂರಿಸೋದನ್ನ ಅರ್ಧಕ್ಕೆ ಬಿಟ್ಟು ಚಾ ಕುಡೀತಿದ್ದಾಗ, ಹೊಸ ವಸ್ತುವಿಗೆ ಮಾಡೋ ವಾಡಿಕೆಯಂತೆ ನಾನೇ ಕೊಬ್ಬು ಸವರಿ ಹರಸಿದ್ದೆನಪ್ಪ, ಆದ್ರೂ ಹೀಗಾಯ್ತು," ಎಂದು ಶೆರಾಲಿಯ ಮುದಿತಾಯಿ ಒಲೆಯ ಬಳಿಯಿಂದ ನಿಟ್ಟುಸಿರಿಟ್ಟಳು.

ಮುಕಾಶ್ ಕೊಬ್ಬನ್ನು ತನ್ನ ತೋಳಿಗೆ ಒರೆಸಿಕೊಂಡ. "ನಿನ್ನ ಕಣ್ಣಿಗೇನೂ ಆಗಿಲ್ಲ ಅಣ್ಣ. ಸ್ಕ್ರೂ ನಾನೇ ಸಡಿಲ ಬಿಟ್ಟಿದ್ದೆ."

ಶೆರಾಲಿಯ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನಾಯಿಗೆ ನಾಯಿ ಕೊಡು."

ಮುಕಾಶ್ ರಿಂಗುಗಳನ್ನು ಒಣಬಟ್ಟೆಯಲ್ಲಿ ಉಜ್ಜಿ, ದುರ್ಬೀನು ಕೂರಿಸಿ, ಸ್ಕ್ರೂಗಳನ್ನು ಒಂದಾದಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದ. ಆಮೇಲೆ ಹೊರಗೆ ಹೋಗಿ, ತನಗಿದ್ದ ಒಂದೇ ನಾಯಿಯ ಹಗ್ಗ ಬಿಚ್ಚಿ ತಂದು ಶೆರಾಲಿಯ ಕೈಗಿತ್ತ.