ಎಡದ್ದು ಬಲಕ್ಕೆ

ಗಂಡ ಕುಡಿದು, ಬ್ರೇಕೇ ತುಳಿಯದೆ ಮರಕ್ಕೆ ಗುದ್ದಿ ಸತ್ತನೆಂಬ ಊರ ಮಾತನ್ನು ಅವಳಿಗೆ ಸಹಿಸಲಾಗಲಿಲ್ಲ. ನಜ್ಜುಗುಜ್ಜಾದ ಕಾರನ್ನು ಗ್ಯಾರೇಜಿಗೆ ಎಳೆಸಿ ತಂದಳು.

ಮುದಿ ಮೆಕ್ಯಾನಿಕ್ ಮುಂದಿನ ಚಕ್ರಗಳನ್ನು ಬಿಚ್ಚಿ ನೋಡಿದ.

"ಬ್ರೇಕ್ ತುಳಿದಾಗ ಚಕ್ರದ ಡಿಸ್ಕ್ ಹಿಡಿಯೋ ಕ್ಯಾಲಿಪರ್ ಅದಲು ಬದಲಾಗೈತೆ ತಾಯೀ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂರ್ಸವ್ರೆ. ಬ್ರೇಕ್ ಎಣ್ಣೆಯೊಳಗೆ ಸೇರಿದ ಗಾಳಿ ಮೇಲಕ್ಕೇರೋದು, ಅದನ್ನ ಬಿಡೋ ತೂತೂ ಮೇಲೇ ಇರ್ಬೇಕು. ಇಲ್ಲಿ ಕೆಳಗೈತೆ. ಗಾಳಿ ಒಳಗೇ ನಿಂತ್ರೆ, ಎಷ್ಟು ತುಳಿದ್ರೂ ಬ್ರೇಕ್ ಹಿಡಿಯಲ್ಲ."

"ಹಂಗಾದ್ರೆ ಅವರು ತುಳಿದಿದ್ರು!" ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ತುಳಿದೇ ಇರ್ತಾರೆ. ಯಾರ ಮುಂದೆ ಬೇಕಾದ್ರೂ ಬಂದು ಹೇಳ್ತೀನಿ. ಇದನ್ನ ಕೂರ್ಸಿದ ಪುಣ್ಯಾತ್ಮ ಯಾರು?"

ಅವಳು ಗ್ಯಾರೇಜಿನ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನನ್ ಮಗ. ಅಪ್ಪನ ಕಾರು, ಬೇರೆಯವ್ರು ಯಾಕೆ ಮುಟ್ಬೇಕು ಅಂತ ತಾನೇ ಮಾಡ್ದ. ಯಾರಿಗೂ ಹೇಳ್ಬೇಡಿ ಸಾಬ್ರೇ. ಅವರು ಕುಡಿದಿದ್ರು ಅಂತಾನೇ ಇರ್ಲಿ."